ಗೊರಸು ಎತ್ತಿ ನೋಡದೆ ಕೊಂಡ ಕಾರು

ನಮ್ಮ ಕಡೆ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಕಾಲು ಎತ್ತಿ ಗೊರಸು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಮಾರುವವನು ನಮ್ಮವನೇ ಆಗಿದ್ದರೆ ಮಾತ್ರ ಇದ್ಯಾವುದನ್ನೂ ಮಾಡುವುದಿಲ್ಲ. ಮಾಡಿದರೆ ಅವನಿಗೆ ಅವಮಾನ. ಚಹಾ ಕುಡಿದು, ಹಗ್ಗ ಹಿಡಿದುಕೊಂಡು ಮನೆಗೆ ಬರುವುದಷ್ಟೇ. ನಾನು ಕಾರನ್ನೂ ಹಾಗೇ ಕೊಂಡೆ. ದಡ್ಡ ಅನ್ನುವವರು ಅನ್ನಿ, ನನಗೇನೂ ಬೇಜಾರಿಲ್ಲ.

ಕೊಡಿಸಿದವನು ನನ್ನ ದೋಸ್ತ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಈಗ ಸಿಂದಗಿಯಲ್ಲಿ ಹಳೆ ಗಾಡಿ ಮಾರಿಸುವ ದಂಧೆ ಅವನದು.

"ಸಾಲಿ ಮಾಸ್ತರ್ ಗಾಡಿ ಲೇ. ಸಿಂದಗಿ, ಇಂಡಿ ಬಿಟ್ಟು ಮೂರನೇ ಊರು ಕಂಡಿಲ್ಲ. ನಮ್ಮ ವೈನಿ ದಿನಾ ಹೊಡಿಯೂ ಗಾಡಿ, ಅದರಾಗ ಸುಳ್ಳು ಹೇಳ್ತೇನೇನು?" ಅಂದಿದ್ದ.

ವೈನಿ ಅಂದರೆ ಅತ್ತಿಗೆ, ನನ್ನ ಹೆಂಡತಿ. ಮುದ್ದೇಬಿಹಾಳದ ಸಾಲಿಯಲ್ಲಿ ಟೀಚರು. ದಿನಾ ಬೆಳಿಗ್ಗೆ ತಾನೇ ಕಾರು ನಡೆಸಿಕೊಂಡು ಹೋಗಿ ಬರುತ್ತಾಳೆ.

ಎಂಟು ತಿಂಗಳು ಸರಿಯಾಗಿ ಓಡಿತು. ಆಮೇಲೆ ತಗ್ಗು ಬಂದಾಗಲೆಲ್ಲ ಮುಂದಿನ ಎಡಗಡೆ ಟಕ್ ಟಕ್ ಅನ್ನತೊಡಗಿತು. ಕುಲುಕು ತಡೆಯುವ ಶಾಕಪ್ ಹೋಗಿದೆ ಅಂತ ಗೊತ್ತಾಯಿತು. ಸಣ್ಣಪುಟ್ಟ ರಿಪೇರಿಗೆ ಗ್ಯಾರೇಜಿಗೆ ಹೋಗುವವನಲ್ಲ ನಾನು. ಹೊಸ ಶಾಕಪ್ ತಂದೆ, ಭಾನುವಾರ ಬೆಳಿಗ್ಗೆ ಮನೆ ಮುಂದೆ ಜಾಕು ಹಚ್ಚಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿದೆ.

ಶಾಕಪ್ಪನ್ನು ಕೆಳಗೆ ಹಿಡಿದಿಡುವುದು ಎರಡೇ ಎರಡು ಬೋಲ್ಟು. ಎರಡೂ ಜಪ್ಪಯ್ಯ ಅನ್ನಲಿಲ್ಲ. ನಟ್ಟು ಎಲ್ಲಿ ಮುಗಿಯಿತು, ಬೋಲ್ಟು ಎಲ್ಲಿ ಶುರುವಾಯಿತು ತಿಳಿಯದ ಹಾಗೆ ತುಕ್ಕು ಹಿಡಿದಿತ್ತು. ಡೀಸೆಲ್ ಸುರಿದು ಒಂದು ತಾಸು ಬಿಟ್ಟೆ. ನಟ್ಟು ಬಿಚ್ಚುವ ಪಾನಾದ ಹಿಡಿಗೆ ಉದ್ದ ಪೈಪು ತೂರಿಸಿ ಅದರ ಮೇಲೆ ಹತ್ತಿ ನಿಂತೆ. ಕಿರ್ರ್ ಅಂತು. ಸಡಿಲಾಯಿತು ಅಂತ ಖುಷಿಪಟ್ಟು ಬಗ್ಗಿ ನೋಡಿದರೆ ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು.

ಪಕ್ಕದ ಮನೆಯ ಕಾಕಾ ಚಹಾದ ಕಪ್ಪು ಹಿಡಿದುಕೊಂಡೇ ಬಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು.

"ಏನ್ ತಮ್ಮಾ, ರಿಪೇರಿನೋ ಕುಸ್ತಿನೋ?"

"ಕುಸ್ತಿನ ರೀ ಕಾಕಾ. ನಾನs ಕೆಳಗ ಬಿದ್ದೇನಿ."

ಒಬ್ಬನಿಂದ ಆಗುವುದಿಲ್ಲ ಅಂತ ದೋಸ್ತನಿಗೆ ಫೋನ್ ಮಾಡಿದೆ. ಅವತ್ತು ಹತ್ತಿರದ ಇಂಗಳೇಶ್ವರದ ಮಾವನ ಮನೆಗೆ ಬಂದಿದ್ದ. "ಗಾಡಿ ಮುಂದ ಟಕಟಕ ಅನ್ನಾಕತ್ತೈತಿ, ಬಂದು ಒಂದು ಕೈ ಹಚ್ಚು" ಅಂದೆ, ಇಷ್ಟೇ. "ಬಂದೆ ತಡಿ" ಅಂದ. ಕರೆದ ಕೂಡಲೇ ಬರುವ ದೋಸ್ತ ಯಾರಿಗಿದ್ದಾನೆ ಅಂತ ಕಾಕಾನ ಮುಂದೆ ಹೆಮ್ಮೆ ಬೇರೆ ಕೊಚ್ಚಿಕೊಂಡೆ.

ಅಷ್ಟರಲ್ಲಿ ಕಾಕಾ ಚಕ್ರದ ಪಕ್ಕ ಕೂತು ಸ್ಕ್ರೂಡ್ರೈವರಿನಿಂದ ಸ್ಪ್ರಿಂಗಿನ ಹಿಂದಿನ ಸಂದಿಯನ್ನು ಕೆದರಿದರು. ಗಟ್ಟಿಯಾದ ಮಣ್ಣಿನ ಹೆಂಟೆಯೊಂದು ಕೆಳಗೆ ಬಿತ್ತು. ಇಟ್ಟಿಗೆಯಷ್ಟು ಕೆಂಪು.

"ಈ ಗಾಡಿ ಎಲ್ಲೀದಂದಿ?"

"ಸಿಂದಗೀದ್ರಿ."

"ಸಿಂದಗ್ಯಾಗ ಕರಿ ಎರಿ ಮಣ್ಣು ಹೋಗಿ ಕೆಂಪು ಮಣ್ಣು ಯಾವಾಗ ಬಂತೋ? ಸಮುದ್ರದ ಕಡೆ ಓಡಿ ಬಂದ ಬಸ್ಸಿನ ಹೊಟ್ಟಿ ಹಿಂಗ ಇರ್ತಿತ್ತು ನೋಡು. ಇದು ಉಪ್ಪಿನ ಗಾಳಿ ತಿಂದ ಜಂಗ, ತುಕ್ಕು. ನಮ್ಮ ಬಿಸಲಾಗ ಕಬ್ಬಿಣ ಹಿಂಗ ಹಾಳಾಗಂಗಿಲ್ಲ ತಮ್ಮಾ."

"ನಮ್ಮ ದೋಸ್ತಗೂ ಯಾರೋ ಸುಳ್ಳು ಹೇಳಿರಬೇಕ್ರಿ."

"ಇರಬಹುದಪ್ಪಾ" ಅಂದು ಕಾಕಾ ಚಹಾ ಕುಡಿದರು.

ದೋಸ್ತ ಮುಕ್ಕಾಲು ತಾಸಿನೊಳಗೆ ಬಂದ. ಬೈಕ್ ನಿಲ್ಲಿಸಿ, ಚೀಲದಿಂದ ಕಬ್ಬಿಣ ಕೊಯ್ಯುವ ಗರಗಸ ತೆಗೆದ. ಎರಡು ಹೊಸ ಬ್ಲೇಡು ತೆಗೆದ. ಆಮೇಲೆ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಬಿಚ್ಚಿದ. ಎರಡು ಹೊಸ ಬೋಲ್ಟು, ನಟ್ಟು ಸಮೇತ. ಚಕ್ರದ ಕಡೆ ಇನ್ನೂ ಒಂದು ಸಲವೂ ಬಗ್ಗಿ ನೋಡಿರಲಿಲ್ಲ ಅವನು.

ನಾನೇ ಒಂದನ್ನು ಎತ್ತಿ ಹಳೆಯದರ ಪಕ್ಕ ಹಿಡಿದೆ. ಅದೇ ಉದ್ದ, ಅದೇ ದಪ್ಪ.

"ಫೋನಿನ್ಯಾಗ ನಾ ಬೋಲ್ಟಿನ ಸುದ್ದಿನ ತಗದಿಲ್ಲಲ್ಲೋ?"

"ಅಂದಾಜು ಮಾಡಿದೆ."

"ಅಳತಿನೂ ಅಂದಾಜ?"

ಅವನು ಕಾಕಾನ ಕಡೆ ನೋಡಿದ, ಕೆಳಗೆ ಬಿದ್ದ ಕೆಂಪು ಹೆಂಟೆ ನೋಡಿದ. ಆಮೇಲೆ ಹೇಳಿದ. ಗಾಡಿ ಕರಾವಳಿಯಿಂದ ಬಂದದ್ದು. ಮಾರುವ ಮುಂಚೆ ಶಾಕಪ್ ಬಿಚ್ಚಲು ಇವನೇ ಗ್ಯಾರೇಜಿನ ಮಿಸ್ತ್ರಿಗೆ ಕೊಟ್ಟಿದ್ದ. ಬೋಲ್ಟು ಬಿಚ್ಚಿ ಬರಲಿಲ್ಲ. ಮಿಸ್ತ್ರಿ ತುಕ್ಕಿನ ಮೇಲೆ ಕರಿ ಬಣ್ಣ ಹೊಡೆದು, ಓಡತೈತಿ ಓಡಸ್ರಿ ಅಂದಿದ್ದ.

"ನಿನಗ ಹೇಳಿದ್ರ ನೀ ತಗೋತಿದ್ದಿಲ್ಲ" ಅಂದ.

"ಹೌದು, ತಗೋತಿದ್ದಿಲ್ಲ. ಅದಕ್ಕs ಹೇಳಬೇಕಿತ್ತು ಮಗನ. ಈ ಬೋಲ್ಟು ಯಾವಾಗ ತಂದಿ?"

"ದೀಪಾವಳಿ ಮುಂದ. ಒಂದಿನ ಬಂದು ಹಾಕಿ ಕೊಡೂಣು ಅಂತ ಚೀಲದಾಗs ಇಟ್ಟಿದ್ದೆ. ಹೆಂಗ ಹೇಳಲಿ ತಿಳೀಲಿಲ್ಲ."

ಸುಳ್ಳಿಗಿಂತ ಇದೇ ನನ್ನನ್ನು ಜಾಸ್ತಿ ಸುಟ್ಟಿತು ನೋಡಿ. ದಂಧೆಯವನು, ಬಾಯಿ ತಪ್ಪಿ ಸುಳ್ಳು ಹೇಳಿದ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಹಬ್ಬಕ್ಕೆ ನಮ್ಮ ಮನೆಗೆ ಬಂದಿದ್ದ, ಎರಡು ಹೋಳಿಗೆ ಜಾಸ್ತಿಯೇ ತಿಂದಿದ್ದ. ಆಗಲೂ ಬೋಲ್ಟು ಅವನ ಚೀಲದಲ್ಲೇ ಇದ್ದವು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು.

"ಭೆಟ್ಟಿಯಾದಾಗೊಮ್ಮೆ ಗಾಡಿ ಹೆಂಗೈತ್ರಿ ವೈನಿ ಅಂತ ಕೇಳ್ತಿದ್ರಿ. ನನ್ನ ಮ್ಯಾಲಿನ ಕಾಳಜಿ ಅಂತ ತಿಳಕೊಂಡಿದ್ದೆ" ಅಂದಳು. ಒಳಗೆ ಹೋದಳು.

ಅವನು ಗರಗಸ ತೆಗೆದುಕೊಂಡು ಕೂರಲು ಹೋದ. ಕಸಿದುಕೊಂಡು ಕಾಕಾನ ಕೈಗೆ ಕೊಟ್ಟೆ. ನಾನೂ ಕಾಕಾನೂ ಪಾಳಿ ಮೇಲೆ ಕೊಯ್ದೆವು. ಬ್ಲೇಡು ಬಿಸಿಯಾಗಿ ಒಂದು ಮುರಿಯಿತು. ತುಂಡಾದ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಬಡಿದು ಹೊರಗೆ ತಳ್ಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಷ್ಟೂ ಹೊತ್ತು ಅವನು ಬಿಸಿಲಲ್ಲೇ ನಿಂತಿದ್ದ. ನೆರಳಿಗೆ ಬಾ ಅಂತ ನಾನು ಅನ್ನಲಿಲ್ಲ. ಹೊಸ ಶಾಕಪ್ ಕೂತಿತು, ಅವನು ತಂದ ಬೋಲ್ಟು ಸಲೀಸಾಗಿ ಹೋದವು.

"ಬಲಗಡಿದೂ ಹಂಗs ಐತಿ" ಅಂದ ಮೆಲ್ಲಗೆ. "ಮುಂದಿನ ಆಯ್ತಾರ ಬರ್ಲೇನು?"

"ಬ್ಯಾಡ."

ಮರುದಿನ ನನ್ನ ಹೆಂಡತಿ ಬಸ್ಸಿಗೆ ಹೋದಳು. ಬಲಗಡೆಯದನ್ನು ಕಾಕಾ ಮತ್ತು ನಾನೇ ಬಿಚ್ಚಿ ಹೊಸದು ಹಾಕಿ ಮುಗಿಸುವ ತನಕ ಅವಳು ಕಾರು ಮುಟ್ಟಲಿಲ್ಲ. ಈಗ ಮತ್ತೆ ಓಡಿಸುತ್ತಾಳೆ, ಸಪ್ಪಳ ಇಲ್ಲ.

ದೋಸ್ತ ಫೋನ್ ಮಾಡುತ್ತಾನೆ. ಎತ್ತುತ್ತೇನೆ. ಜಗಳ ಆಡಿಲ್ಲ, ಮಾತು ಬಿಟ್ಟಿಲ್ಲ. ಮೊನ್ನೆ ಫೋನ್ ಮಾಡಿ, "ಮಗಳ ನಿಶ್ಚಯ ಐತಿ, ವೈನೀನ್ನ ಕರ್ಕೊಂಡು ಬರಬೇಕ ನೋಡಪಾ" ಅಂದ. ದಿನ ಹೇಳಿದ, ಹೊತ್ತು ಹೇಳಿದ. ಹೂಂ ಅಂದೆ. ಫೋನ್ ಇಟ್ಟ ಮೇಲೆ ಅವನ ತಮ್ಮನಿಗೆ ಫೋನ್ ಹಚ್ಚಿ, ನಿಶ್ಚಯ ಅದೇ ದಿನವೋ ಅಲ್ಲವೋ ಅಂತ ಕೇಳಿ ತಿಳಿದುಕೊಂಡೆ.