ಸೋಮವಾರದ ಮೂರು ಗೆರೆಗಳು

ನನ್ನ ಕೆಲಸಕ್ಕೆ ಮೊದಲ ಶತ್ರು ಸದ್ದು. ಬೇಸಿಗೆಯಲ್ಲಿ ಬತ್ತಿದ ಮಲಪ್ರಭೆಯ ಪಾತ್ರದಲ್ಲಿ ನೆಲದ ನಡುಕ ಹಿಡಿಯುವ ಜಿಯೋಫೋನುಗಳನ್ನು ಸಾಲಾಗಿ ನೆಟ್ಟು, ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆಸಿ, ನೆಲದೊಳಗಿನ ಅಲೆ ಎಷ್ಟು ಬೇಗ ಬಂತೆಂದು ಪರದೆಯ ಮೇಲೆ ಗೆರೆಗಳಲ್ಲಿ ನೋಡುತ್ತೇವೆ. ಗಟ್ಟಿ ಸುಣ್ಣಕಲ್ಲಿದ್ದರೆ ಅಲೆ ಓಡಿ ಬರುತ್ತದೆ. ನೀರು ಕಲ್ಲನ್ನು ತಿಂದು ಗವಿ ಮಾಡಿದ್ದರೆ ತಡವಾಗಿ, ಚೆದುರಿ ಬರುತ್ತದೆ. ಹತ್ತಿರ ಯಾರಾದರೂ ನಡೆದರೆ ಆ ಹೆಜ್ಜೆಯೂ ಗೆರೆ ಕೆಡಿಸುತ್ತದೆ. ಕೆಮ್ಮಿದವರನ್ನೂ ನಾನು ಬೈದಿದ್ದೇನೆ.

ಅಲ್ಲೊಂದು ಸೇತುವೆ ಬರುವುದಿತ್ತು. ಪಾತ್ರ ದಾಟುವ ಎತ್ತಿನ ಗಾಡಿಗಳು ಎರಡು ದಿನ ನನ್ನ ಪ್ರಾಣ ತಿಂದವು. "ಅಣ್ಣಾರ, ಎರಡ ನಿಮಿಷ ನಿಲ್ರಿ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೂರನೆಯ ಸಾಲಿನ ದಿನ ವ್ಯಾನಿನೊಳಗೆ ಪರದೆಯ ಮುಂದೆ ಕುಳಿತವಳು ಹೊರಗೆ ತಲೆ ಹಾಕಲಿಲ್ಲ. ಧಾರವಾಡದ ಕಚೇರಿಗೆ ಬಂದು ನೋಡಿದರೆ ನಡುವಿನ ಮೂರು ಗೆರೆ ಕೆಟ್ಟಿದ್ದವು. ಹಾಳಾದ ಗಾಡಿ ಎಂದು ಶಪಿಸಿ ಅಳಿಸಿದೆ. ಪಕ್ಕದ ಗೆರೆಗಳ ಅಂದಾಜಿನಿಂದ ಅಲ್ಲಿ ತುಂಬಿದೆ. ನಕಾಶೆಯಲ್ಲಿ 'ಗಟ್ಟಿ ಕಲ್ಲು' ಎಂದು ಬರೆದು ಸಹಿ ಹಾಕಿದೆ. ಸೇತುವೆಯ ಕಂಬಕ್ಕಾಗಿ ನೆಲ ಕೊರೆಯುವ ಬೋರಿಂಗ್ ಲಾರಿಯನ್ನು ಆ ಜಾಗದಲ್ಲಿ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಮುಂದಿನ ಸೋಮವಾರ ರಜೆ ಹಾಕಿ ಸುಳ್ಳ ಗ್ರಾಮದ ತವರುಮನೆಗೆ ಹೋದೆ. ಚಹಾ ಕುಡಿದು, "ಗಾಡಿ ಹೂಡಣ್ಣಾ, ಹೊಲಕ್ಕ ಹೋಗಿ ಬರೂಣು," ಎಂದೆ.

"ಇವತ್ತ ಸೋಮವಾರ, ಹುಚ್ಚಿ! ಎತ್ತಿನ ಹೆಗಲಮ್ಯಾಲೆ ನೊಗಾ ಇಡ್ತಾರೇನು? ಸಾಲಿ ಕಲ್ತು ಬಸವಣ್ಣನ ವಾರಾನೂ ಮರ್ತಿ?" ಎಂದು ಅಣ್ಣ ನಕ್ಕ.

ಚೀಲದಿಂದ ನನ್ನ ಟಿಪ್ಪಣಿ ಪುಸ್ತಕ ತೆಗೆದೆ. ಮೂರನೆಯ ಸಾಲು: ಸೋಮವಾರ. ಅಂದು ಆ ಕಡೆ ಒಂದು ಗಾಡಿಯೂ ಹೊರಟಿರಲಾರದು. ಹಾಗಾದರೆ ಗೆರೆ ಕೆಡಿಸಿದ್ದು ಗವಿಯೇ. ರೈತರ ಮಗಳಾಗಿಯೂ ನಾನೇ ಅದನ್ನು ಕೈಯಾರೆ ಅಳಿಸಿದ್ದೆ. ಇವತ್ತೇ ಅದರ ಮೇಲೆ ಲಾರಿ ಹೋಗುವುದಿತ್ತು, ನಾಲ್ಕು ಆಳುಗಳ ಸಮೇತ.

ಬೋರಿಂಗ್ ಮೇಸ್ತ್ರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆ ಲಾರಿಯ ಗದ್ದಲದಲ್ಲಿ ಅವನಿಗಾದರೂ ಹೇಗೆ ಕೇಳಬೇಕು? ಬರಿಗಾಲಲ್ಲಿ ಅಂಗಳ ಸುತ್ತುತ್ತಿದ್ದೆ. ಅಣ್ಣನ ನಗು ನಿಂತುಹೋಗಿತ್ತು. ಏಳನೆಯ ಸಲಕ್ಕೆ ಎತ್ತಿದ.

"ಲಾರಿ ಎಲ್ಲೈತ್ರಿ?"

"ದಂಡಿಮ್ಯಾಲೆ ಐತ್ರಿ. ಈಗ ಹೊಳ್ಯಾಗ ಇಳಸಾಕತ್ತೇವಿ."

"ಇಳಸಬ್ಯಾಡ್ರಿ! ಕೆಳಗ ಟೊಳ್ಳೈತಿ!"

"ಇದೇನ ಚ್ಯಾಷ್ಟಿ ಮೇಡಮ್ಮಾರ? ಗಟ್ಟಿ ಕಲ್ಲ ಅಂತ ನೀವ ಸಹಿ ಮಾಡಿ ಕೊಟ್ಟೀರಲ್ಲ?"

ಇಷ್ಟು ವರ್ಷ ಕಂಡಕಂಡವರನ್ನೆಲ್ಲ ಬೈದ ಬಾಯಿ ನನ್ನದು. "ತಪ್ಪ ನಂದ್ರಿ," ಎಂದೆ. "ನಾನ ತಪ್ಪ ಬರದೇನಿ. ನಿಮ್ಮ ಕಾಲ ಬೀಳ್ತೇನಿ, ಮಂದೀನ್ನ ಮ್ಯಾಲೆ ಕರೀರಿ."

ಫೋನ್ ಕಟ್ಟಾಯಿತು. ಲಾರಿ ದಡದಲ್ಲೇ ನಿಂತಿತೆಂದು ತಿಳಿಯಲು ಅರ್ಧ ಗಂಟೆ ಹಿಡಿಯಿತು.

ಗುರುವಾರ ನನ್ನ ಕಣ್ಣೆದುರೇ ಆ ನಾಲ್ಕು ಆಳುಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸಣ್ಣ ಯಂತ್ರದಿಂದ ಅಲ್ಲಿ ತೂತು ಹಾಕಿದರು. ಆಳುದ್ದ ಹೋಗಿತ್ತೋ ಇಲ್ಲವೋ, ಕೊರೆಯುವ ಸರಳು ತಾನಾಗಿ ಸರ್ರನೆ ಕೆಳಗಿಳಿಯಿತು. ತೂತಿಗೆ ಸುರಿದ ನೀರು ಗವಿಯೊಳಗೆ ಇಂಗಿ, ಮೇಲೆ ಬರಲೇ ಇಲ್ಲ.

ಮೇಸ್ತ್ರಿ ನನ್ನತ್ತ ಬಂದ. ಬೈದಿದ್ದರೆ ಚೆನ್ನಾಗಿತ್ತು. "ಈ ನಾಕ ಮಂದ್ಯಾಗ ಒಬ್ಬಾಂವ ನನ್ನ ತಮ್ಮ ಅದಾನ್ರಿ," ಎಂದ. ಆಮೇಲೆ, "ಬರ್ರಿ, ಊಟಾ ಮಾಡೂಣು," ಎಂದ.

ಆ ನಾಲ್ವರ ನಡುವೆ ಕುಳಿತು ರೊಟ್ಟಿ ಮುರಿದೆ. ಪಕ್ಕದಲ್ಲಿ ಅವನ ತಮ್ಮನಿಗೆ ಖಾರ ನೆತ್ತಿಗೇರಿ ಕೆಮ್ಮು ಬಂತು, ನಿಲ್ಲದ ಕೆಮ್ಮು. ನೀರಿನ ತಂಬಿಗೆ ಅವನ ಕೈಗಿಟ್ಟು, ಮುಖ ತಿರುಗಿಸಿ ಅತ್ತುಬಿಟ್ಟೆ.