ಭಾರ ಕೊನೆಗಿರಲಿ

ಉದ್ದನೆಯ ಪದ ಕಂಡರೆ ತುಂಡು ಮಾಡದೆ ನನಗೆ ಸಮಾಧಾನವಿಲ್ಲ. ಹದಿನೈದು ವರ್ಷ ಕನ್ನಡ ಪಂಡಿತನಾಗಿ ಪದ್ಯಗಳಿಗೆ ಲಘು-ಗುರು ಹಾಕಿಸಿದ ಕೈ ಇದು. ಮದುವೆಯ ಕಾಗದ ಬಂದರೂ ಮೊದಲು ಗಣ ವಿಂಗಡಿಸಿ, ಆಮೇಲೆ ಮದುಮಗ ಯಾರೆಂದು ನೋಡುತ್ತೇನೆ.

ಆ ಕೈಗೆ ಒಮ್ಮೆ ಫ್ರೆಂಚ್ ಸಿಕ್ಕಿತು. ಉಪ್ಪಳದ ನಮ್ಮ ಪುಟ್ಟ ಶಾಲೆ ಮುಚ್ಚಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಗಂಜಿಯೂ ತೆಳ್ಳಗಾಗಿತ್ತು, ನನಗೆ ನಿಜವಾಗಿ ಭಯ ಹಿಡಿದಿತ್ತು. ಮಂಗಳೂರಿನಲ್ಲಿ ವ್ಯಾಪಾರಕ್ಕಿದ್ದ ಮುದಿ ಫ್ರೆಂಚ್ ದೊರೆಯೊಬ್ಬರಿಗೆ ಕಣ್ಣು ಮಂಜಾಗಿ, ತಮ್ಮ ಊರಿಂದ ಬರುವ ಕಾಗದಗಳನ್ನು ಓದಿ ಹೇಳಲು ಜನ ಬೇಕಾಗಿತ್ತು. ಅರ್ಥ ದೊರೆಗೆ ತಿಳಿದರೆ ಸಾಕು, ಓದುವವನಿಗೆ ಉಚ್ಚಾರವಿದ್ದರಾಯಿತು. ಪಂಡಿತನಿಗೆ ಇದಕ್ಕಿಂತ ಒಪ್ಪುವ ಕೆಲಸ ಯಾವುದು? ಪಾದ್ರಿಗಳೊಬ್ಬರು ಅಕ್ಷರಗಳ ಸದ್ದು ಕಲಿಸಿ, ಒಂದು ಪುಸ್ತಕ ಕೊಟ್ಟು, ವರ್ಗವಾಗಿ ಘಟ್ಟ ಹತ್ತಿ ಹೋದರು.

ಉಚ್ಚಾರದಲ್ಲಿ ಪದದ ಭಾರ ಕೊನೆಯ ಅಕ್ಷರಕ್ಕೆ ಎಂದು ಪುಸ್ತಕದಲ್ಲೇ ಬರೆದಿತ್ತು. ನಾನು ನಂಬಲಿಲ್ಲ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರುವಾಗದ ಭಾಷೆ ಎಂಥ ಭಾಷೆ! ಅಸಾಧ್ಯ ಎಂಬುದಕ್ಕೆ ಅವರದು ‘ಏಂಪೊಸಿಬಿಲಿತೇ’. ಅದನ್ನು ಆರು ತುಂಡು ಮಾಡಿ, ಗುರು ಕಂಡಲ್ಲೆಲ್ಲ ಗುದ್ದುತ್ತಾ ಜಗಲಿಯಲ್ಲಿ ಕೂಗುತ್ತಿದ್ದೆ. ಪಕ್ಕದ ಮನೆಯ ತ್ಯಾಂಪಣ್ಣ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವರು. ಮೂರು ದಿನ ಸಹಿಸಿ, ನಾಲ್ಕನೆಯ ದಿನ ಮದ್ದಳೆ ಎತ್ತಿಕೊಂಡೇ ಬಂದರು.

“ಮಾಸ್ಟ್ರೇ, ಸಿಕ್ಕಿದಲ್ಲೆಲ್ಲ ಪೆಟ್ಟು ಹಾಕಿದರೆ ಮುಕ್ತಾಯಕ್ಕೆ ಎಂತ ಉಂಟು ನಿಮ್ಮ ಹತ್ತಿರ?”

ಐದು ಪೆಟ್ಟು ಸಮಸಮವಾಗಿ, ಹಗುರವಾಗಿ ಬಾರಿಸಿ, ಆರನೆಯದನ್ನು ಮಾತ್ರ ಭಾರ ತುಂಬಿ ಬಿಟ್ಟರು. ಪುಸ್ತಕ ಹೇಳಿದ್ದೂ ಅದನ್ನೇ. ಅಂದಿನಿಂದ ಪ್ರತಿ ಬೆಳಿಗ್ಗೆ ಅವರು ಬಾರಿಸಿದರು, ನಾನು ಓದಿದೆ. ಅಸಾಧ್ಯವೂ ಬಾಯಿಗೆ ಹಿತವಾಗತೊಡಗಿತು.

ದೊರೆಯ ಮುಂದೆ ಓದಿ ಬಂದ ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾನು ರೈಲಿನಿಂದ ಶುರುಮಾಡಿದೆ. ದೊರೆಯ ಕುರ್ಚಿ, ಅವರ ತಂಗಿ ಬರೆದಿದ್ದ ಕಾಗದ, ನಡುವೆ ಎದುರಾದ ಮೊಳದುದ್ದದ ಪದ, ಮೇಜಿನಡಿ ತಾನೇ ತಾಳ ಹಾಕಿದ ನನ್ನ ಬೆರಳು, ಕಣ್ಣು ಮುಚ್ಚಿ ಕೇಳಿದ ದೊರೆ ಅದೇ ಸಾಲನ್ನು ಮತ್ತೊಮ್ಮೆ ಓದಿಸಿದ್ದು, ಅವರ ಕಣ್ಣಂಚು ಒದ್ದೆಯಾದದ್ದು, ಎಲ್ಲವನ್ನೂ ಸಮಸಮವಾಗಿ ಹೇಳುತ್ತಾ ಹೋದೆ.

“ಅದೆಲ್ಲ ಇರಲಿ ಮಾರಾಯ್ರೇ, ಕೆಲಸ ಸಿಕ್ಕಿತಾ ಇಲ್ವಾ?”

ಆ ಒಂದು ಮಾತನ್ನು ನಾನು ಫ್ರೆಂಚರ ಕ್ರಮದಲ್ಲಿ ಕೊನೆಗೆ ಇಟ್ಟುಕೊಂಡಿದ್ದೆ. ಇನ್ನೂ ಸ್ವಲ್ಪ ತಡೆಯೋಣವೆಂದರೆ ಅವಳ ಮುಖ ನೋಡಲಾಗಲಿಲ್ಲ.

“ಸೋಮವಾರದಿಂದ,” ಎಂದೆ. ಬೇಲಿಯಾಚೆ ಮದ್ದಳೆ ತುಂಬಿ ನುಡಿಯಿತು.