ಭಾವ ಹೇಳಿದ ಸಿನಿಮಾ

ಶಿಕಾರಿಪುರದ ಟೆಂಟಿನಲ್ಲಿ ಇದ್ದದ್ದು ಒಂದೇ ಮೆಷಿನ್ನು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹಾಕುತ್ತಿದ್ದರು. ಗಂಡಸರ ಕಡೆ ಬೀಡಿ ಹೊತ್ತಿಕೊಳ್ಳುತ್ತಿದ್ದವು. ನಡುವೆ ಕಟ್ಟಿದ ಪರದೆಯ ಈಚೆ, ಮರಳಿನ ಮೇಲೆ ಕೂತ ಹೆಂಗಸರೆಲ್ಲ ನನ್ನ ಅಕ್ಕನ ಕಡೆ ತಿರುಗುತ್ತಿದ್ದರು. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ತಮಿಳು, ಹಿಂದಿ ಚಿತ್ರಗಳೇ. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಅಕ್ಕನಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳಿಗೆ ಕತೆ ತಿಳಿಯುತ್ತಿತ್ತು.

"ಮಾತು ಬಿಡ್ರಿ, ಕೈ ನೋಡ್ರಿ," ಅನ್ನುತ್ತಿದ್ದಳು. "ಆ ಅತ್ತಿ ಅಳಾಕತ್ತಾಳ ಖರೆ, ಸೊಂಟದ ಬೀಗದಕೈ ಮ್ಯಾಲಿನ ಹಿಡಿತ ಬಿಟ್ಟಾಳೇನು? ಮಗ ಹೋದ ಅಂತ ಅಳೋದಲ್ಲ ಅದು, ಯಜಮಾನಿಕಿ ಹೋತು ಅಂತ."

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡು ಬಂದಿದ್ದ ಅತ್ತೆಯರೂ ನಗುತ್ತಿದ್ದರು.

ಈ ಬುದ್ಧಿಯನ್ನು ನಮ್ಮೂರಲ್ಲಿ ಬಾಯಿ ಎಂದು ಕರೆದರು. ಟೆಂಟಿನಲ್ಲಿ ಬಾಯಿ ಮಾಡುವ ಹುಡುಗಿ ಎಂಬ ಹೆಸರು ಅವಳಿಗಿಂತ ಮೊದಲೇ ಸೊರಬದ ಕಡೆಯ ಹೊಸಬಾಳೆ ತಲುಪಿತ್ತು. ಮದುವೆ ಮಾತಿಗೆ ಬಂದ ವರನ ತಾಯಿ ನಮ್ಮ ಜಗಲಿಯಲ್ಲಿ ಕೂತು, "ನಮ್ಮನೇಲಿ ಹೆಂಗಸ್ರು ಸಿನಿಮಾಕ್ಕೆ ಹೋಗೋ ಪದ್ಧತಿ ಇಲ್ಲ ರೀ," ಅಂದರು. ಕಿರಾಣಿ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲಕ್ಕೂ ಚೌಕಾಸಿ ಮಾಡುತ್ತಿದ್ದ ಅಪ್ಪ ಇದಕ್ಕೆ ಚೌಕಾಸಿ ಮಾಡಲಿಲ್ಲ. "ಆಗ್ಲಿರಿ," ಅಂದುಬಿಟ್ಟ. ಅಕ್ಕ ಒಳಗೆ ಉಪ್ಪಿಟ್ಟು ತಿರುವುತ್ತಿದ್ದಳು.

ಪದ್ಧತಿ ಇಲ್ಲದ್ದು ಹೆಂಗಸರಿಗೆ ಮಾತ್ರ. ಭಾವನಿಗೆ ಸಿನಿಮಾ ಹುಚ್ಚು. ಸೊರಬದ ಟೆಂಟಿಗೆ ಹೊಸ ಚಿತ್ರ ಬಂತೆಂದರೆ ಸೈಕಲ್ ಹತ್ತುತ್ತಿದ್ದ. ಮಾರನೆಯ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ತಾಯಿಗೂ ಹೆಂಡತಿಗೂ ಕತೆ ಹೇಳುತ್ತಿದ್ದ. ಅಕ್ಕನ ಪಾಲಿನ ಸಿನಿಮಾ ಅಷ್ಟೇ. ತವರಿಗೆ ಬಂದಾಗಲಾದರೂ ನೋಡಬಹುದಿತ್ತು ಎಂದರೆ, ಅವಳನ್ನು ಕಳಿಸುತ್ತಿದ್ದುದು ಪಂಚಮಿಗೆ. ಮಳೆ ಹಿಡಿಯುವ ಮೊದಲೇ ನಮ್ಮೂರ ಟೆಂಟು ಬಿಚ್ಚಿ ಗಾಡಿಗೆ ಹೇರಿ ಆಗಿರುತ್ತಿತ್ತು. ಅವಳು ಬಂದು ನೋಡುತ್ತಿದ್ದುದು ಕಂಬ ಕಿತ್ತ ಗುಂಡಿಗಳಲ್ಲಿ ನಿಂತ ನೀರನ್ನು.

ಒಂದು ಬೇಸಿಗೆ ರಜೆಗೆ ನಾನು ಹೊಸಬಾಳೆಗೆ ಹೋದೆ. ಅಪ್ಪನ ಜೊತೆ ಹೋಗಿ ನಾನು ಶಿಕಾರಿಪುರದಲ್ಲಿ ನೋಡಿದ್ದ ಚಿತ್ರದ ಪೆಟ್ಟಿಗೆ ಆಗ ಸೊರಬಕ್ಕೆ ಬಂದಿತ್ತು. ಭಾವ ನೋಡಿ ಬಂದು, ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಶುರು ಮಾಡಿದ. ಗಂಡ ಮನೆಗೆ ಇನ್ನೊಬ್ಬಳನ್ನು ಕರೆತಂದದ್ದು, ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇದ್ದದ್ದು, ಎದ್ದು ಕೂಸಿಗೆ ಹಾಲು ಕುಡಿಸುವ ಒಳಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡದ್ದು, ಎಲ್ಲವನ್ನೂ ಚೆನ್ನಾಗಿಯೇ ಹೇಳಿದ.

"ಆಮೇಲೆ ಸೀದಾ ಬಂದು ಗಂಡನ ಕಾಲಿಗೆ ಬಿದ್ಲು. ತಪ್ಪಾಯ್ತು ಅಂದ್ಲು. ಅಲ್ಲಿಗೆ ಶುಭಂ."

"ಮತ್ತೆ? ಹಂಗೇ ಇರ್ಬೇಕು," ಅಂದರು ಅವನ ತಾಯಿ.

ನಾನು ನೋಡಿದ ಚಿತ್ರದಲ್ಲಿ ಅವಳು ಕೂಸನ್ನೆತ್ತಿಕೊಂಡು ಗೇಟು ತೆಗೆದು ಹೊರಟುಹೋಗಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ತಿನ್ನು," ಅಂದಳು.

ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅವಳೇ ಕೇಳಿದಳು. "ಎದ್ದು ಹೋದ್ಲು, ಹೌದಲ್ಲ?"

"ನಿನಗ್ಯಾರು ಹೇಳಿದ್ರು?"

"ನಿಮ್ಮ ಭಾವನೇ ಹೇಳಿದ್ರಲ್ಲ. ಕಾಲಿಗೆ ಬೀಳೋಳು ಒಳಲೆ ಯಾಕ ಕಟ್ಕೋತಾಳ? ಅವರು ನೋಡಿದ ಎಲ್ಲಾ ಸಿನಿಮಾದಾಗೂ ಕೊನಿಗೆ ಹೆಂಗಸು ಕಾಲಿಗೇ ಬೀಳ್ತಾಳ. ಕೊನಿ ಅವರದು. ಅದೊಂದು ಬಿಟ್ಟು ಉಳಿದದ್ದು ನಂಬ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಸಿನಿಮಾ ತಪ್ಪಿಸಿದ್ದು ಸಾಲದೆ, ಅದರ ಕೊನೆಯನ್ನೂ ಕಿತ್ತುಕೊಳ್ಳಬೇಕೇ ಈ ಮನುಷ್ಯ? "ನೀನೂ ಎದ್ದು ಬಾ ಅಕ್ಕ, ನಮ್ಮನಿಗೆ ಹೋಗೋಣ," ಅಂದೆ.

ಅವಳು ಬೂದಿಗೈಯಲ್ಲೇ ನನ್ನನ್ನು ನೋಡಿದಳು. "ಗೇಟ್ ದಾಟಿದ ಮ್ಯಾಲೆ ಆಕಿ ಎಲ್ಲಿಗೆ ಹೋದ್ಲು? ತೋರಿಸಿದ್ರೇನು?"

"ಇಲ್ಲ. ಅಲ್ಲಿಗೇ ಮುಗೀತು."

"ಬಂದು ಅಲ್ಲೇ ಇರ್ಲೇನು ಅಂತ ಅಪ್ಪನ್ನ ಕೇಳಿ ನೋಡ್ತೀನಿ, ಪಂಚಮಿಗೆ ಬಂದಾಗ," ಅಂದಳು.

ಆ ಪಂಚಮಿಗೆ ಬಂದವಳು ದಿನಾ ಅಪ್ಪನ ಮುಂದೆ ಸುಳಿಯುತ್ತಿದ್ದಳು, ಕೇಳಲಾರದೆ ಒಳಗೆ ಬರುತ್ತಿದ್ದಳು. ಕರೆದೊಯ್ಯಲು ಭಾವ ಬಂದೇಬಿಟ್ಟ. ಅಪ್ಪ ಅವನಿಗೆ ಜಗಲಿಯ ಮೇಲೆ ಜಮಖಾನೆ ಹಾಸಿ, "ಏನ್ ಅಳಿಯಂದಿರ, ಈ ಬ್ಯಾಸಿಗಿಗೆ ಭಾಳ ಸಿನಿಮಾ ನೋಡಿದ್ರಂತ. ಒಂದರ ಕತಿ ಹೇಳ್ರಿ," ಅಂದ.

ಭಾವ ಅದೇ ಕತೆ ಹೇಳಿದ. ಒಳಲೆ ಬಂತು, ಸೆರಗಿನ ಗಂಟು ಬಂತು. ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಅಕ್ಕ ಅಪ್ಪನನ್ನೇ ನೋಡುತ್ತಿದ್ದಳು. ಆ ಹೆಂಗಸು ಗೇಟು ದಾಟಿ ಹೋದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದ.

"ಕಾಲಿಗೆ ಬಿದ್ಲು, ಶುಭಂ," ಅಂದ ಭಾವ.

"ಹೌದೌದು, ನಾನೂ ನೋಡೀನಿ. ಭಾಳ ಚಲೋ ಐತಿ," ಅಂದ ಅಪ್ಪ.

ಅಕ್ಕ ಅಪ್ಪನ ಮುಖ ಬಿಟ್ಟು ಕೈ ನೋಡಿದಳು. ನಾನೂ ನೋಡಿದೆ. ಅಳಿಯನಿಗೆ ಕೊಡಲು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಆ ಕೈ ಎಲ್ಲೂ ತಡೆಯಲಿಲ್ಲ.